ಹಿಂದಿನಿಂದ ಕರೆದವರು

ಮೇಡಂ ತೀರಿಕೊಂಡರೆಂದು ಹುಕ್ಕೇರಿಯಿಂದ ಸುದ್ದಿ ಬಂದ ಮಧ್ಯಾಹ್ನ ನಮ್ಮ ಹಳೆಯ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಒಂದೇ ಮಾತು ಬರೆದರು: ತಾಯಿಯಂತಿದ್ದರು. ಒಬ್ಬಳು ಬರೆದಳು, ಉಳಿದವರು ಅದನ್ನೇ ಬರೆದು ಕೈ ಮುಗಿದ ಚಿತ್ರ ಹಾಕಿದರು. ನಾನು ಏನೂ ಹಾಕಲಿಲ್ಲ. ನನಗೆ ನೆನಪಿರುವ ಮೇಡಂ ತಾಯಿಯಂತಿರಲಿಲ್ಲ. ಅವರ ಚಪ್ಪಲಿಯ ಸಪ್ಪಳ ವರಾಂಡದಲ್ಲಿ ಕೇಳಿದರೆ ನಾನು ಹಿಂದಿನ ಬೆಂಚಿಗೆ ಸರಿದುಬಿಡುತ್ತಿದ್ದೆ. ಗುಂಪಿನಲ್ಲಿ ಹಾಕಿದ ಫೋಟೋದಲ್ಲಿ ಯಾರೋ ಅವರ ಮುಖವನ್ನು ಬೆಳ್ಳಗೆ ಮಾಡಿದ್ದಾರೆ, ಕಣ್ಣ ಕೆಳಗಿನ ಕಪ್ಪನ್ನು ಒರೆಸಿ ತೆಗೆದಿದ್ದಾರೆ. ನೆನಪೂ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಇದನ್ನು ಬರೆಯುವಾಗ ಅಲ್ಲಲ್ಲಿ ನನ್ನನ್ನು ನಾನೇ ತಡೆದು ನಿಲ್ಲಿಸುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಹುಕ್ಕೇರಿ ಬಂದು ನನ್ನನ್ನು ತಿದ್ದುತ್ತದೆ. ಅಲ್ಲಿ ಅವರು ಮದುವೆಯ ವಿಡಿಯೋ ತೆಗೆಯದ ಮನೆ ಕಡಿಮೆ. ಅವರೂ ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದು ಕರೆಯುತ್ತಿದ್ದರು. ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದ ನಾನು ‘ಮೂಡಲಗಿ’. ಕ್ಯಾಮೆರಾ ಹಿಡಿಯುತ್ತಿದ್ದ ಬಸು ‘ಅಂಕಲಗಿ’.

“ಏ ಮೂಡಲಗಿ, ನಿದ್ದಿ ಬಸ್ಸಿನ್ಯಾಗ ಮುಗಿಸ್ಕೊಂಡು ಬರಬೇಕು. ಇದು ಕ್ಲಾಸ್, ಸ್ಲೀಪರ್ ಕೋಚ್ ಅಲ್ಲ.”

ಮಾತಾಡುವಾಗ ಎಡಗಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟವರ ಅಭ್ಯಾಸ. ಎದುರಿಗೆ ನಿಂತವರಿಗೆ ಮಾತ್ರ ತಮ್ಮನ್ನು ಯಾರೋ ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಗೋಕಾಕದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಮಾಧ್ಯಮ ಅಧ್ಯಯನ ಆಗ ಹೊಸ ವಿಷಯ. ಅದಕ್ಕೊಂದು ಕ್ಯಾಮೆರಾ, ಕಿಟಕಿಯ ಬಾಗಿಲು ಕೂಡದ ಒಂದು ಕೋಣೆ, ಅತಿಥಿ ಉಪನ್ಯಾಸಕಿಯಾಗಿ ಇವರು. ಮೊದಲ ದಿನ ಕರದಂಟಿನ ಖಾಲಿ ಡಬ್ಬಿಗಳನ್ನು ತಂದಿದ್ದರು. ಮುಚ್ಚಳದ ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಕಿಟಕಿಗೆ ನಿಂತು ಅದರೊಳಗಿಂದ ರಸ್ತೆ ನೋಡಿ ಎಂದರು. ರಟ್ಟಿಗೆ ಇನ್ನೂ ತುಪ್ಪದ ವಾಸನೆ ಇತ್ತು. ಏನು ಕಾಣಿಸುತ್ತದೆ ಎಂದು ಕೇಳುತ್ತಾರೆ ಅಂದುಕೊಂಡೆವು.

“ಅಂಕಲಗಿ, ಏನ್ ಬಿಟ್ಟಿ?”

“ಏನೂ ಬಿಟ್ಟಿಲ್ಲರಿ ಮೇಡಂ.”

“ಏನೂ ಬಿಡಲಾರದಂಗ ನೋಡಾಕ ನೀ ಏನ್ ದೇವರಾ? ಕಿಂಡಿ ಹೊರಗ ಏನೈತಿ, ಅದನ್ನ ಹೇಳು.”

ಬಸು ರಟ್ಟು ಇಳಿಸಿ ನೋಡಿದ. “ಒಬ್ಬಾವ ಕಂಪೌಂಡಿಗೆ ಮುಖಾ ಮಾಡಿ ನಿಂತಾನ್ರಿ.”

“ಅಂವನ್ನ ಯಾಕ್ ಬಿಟ್ಟಿ?”

“ಚಲೋ ಕಾಣಂಗಿಲ್ಲರಿ.”

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. “ಬಿಡು, ಬ್ಯಾಡ ಅನ್ನಂಗಿಲ್ಲ. ಖರೆ ಬಿಟ್ಟೇನಿ ಅನ್ನೂದು ನಿನಗ ಗೊತ್ತಿರಬೇಕು.”

ಇಬ್ಬರು ಮಾತಾಡುವ ದೃಶ್ಯ ತೆಗೆಯುವಾಗ ಕ್ಯಾಮೆರಾ ಒಂದೇ ಪಕ್ಕದಲ್ಲಿರಬೇಕು ಅನ್ನುವ ಪಾಠಕ್ಕೆ ಪುಸ್ತಕದಲ್ಲಿ ಬಾಣದ ಗುರುತುಗಳ ದೊಡ್ಡ ಚಿತ್ರವಿತ್ತು. ಅದನ್ನು ಮುಚ್ಚಿಸಿದರು. ಇಬ್ಬರು ಹುಡುಗಿಯರನ್ನು ಎದುರುಬದುರು ನಿಲ್ಲಿಸಿ, ಒಬ್ಬಳ ಕಾಲಿನಿಂದ ಇನ್ನೊಬ್ಬಳ ಕಾಲಿನವರೆಗೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆದು, ಜಗಳ ಮಾಡಿ ಎಂದರು. ಅವರು ನಿಜವಾಗಿಯೇ ಯಾವುದೋ ಹಳೆಯ ಜಗಳ ತೆಗೆದರು. ಬಸು ಕ್ಯಾಮೆರಾ ಹಿಡಿದು ಗೆರೆ ದಾಟಿ ಆ ಕಡೆ ಹೋದ. ಆಮೇಲೆ ಪರದೆಯ ಮೇಲೆ ನೋಡಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಯಾರೋ ಮೂರನೆಯವಳನ್ನು ಬೈಯುತ್ತಿದ್ದಂತೆ ಇತ್ತು. “ನೋಡು, ಜಗಳ ಬಗಿಹರಿಸಿಬಿಟ್ಟಿ,” ಎಂದರು ಮೇಡಂ.

ಧುಪದಾಳದ ಒಡ್ಡಿನ ಹತ್ತಿರ ಕ್ಯಾಮೆರಾ ಅಲುಗದಂತೆ ಹಿಡಿಯುವುದನ್ನು ಕಲಿಸಿದರು. ಮೊಣಕೈ ಹೊಟ್ಟೆಗೆ ಹಚ್ಚಿ, ಉಸಿರು ಬಿಟ್ಟು, ಮುಂದಿನ ಉಸಿರು ಎಳೆಯುವುದಕ್ಕೆ ಮೊದಲಿನ ಸಣ್ಣ ಬಿಡುವಿನಲ್ಲಿ ಹಿಡಿಯಬೇಕು. ಅಲುಗಿದ್ದನ್ನೆಲ್ಲ ನಮ್ಮ ಎದುರಿಗೇ ಅಳಿಸಿ ಹಾಕಿದರು. ಒಬ್ಬಳು ಅತ್ತಳು. ಅವರು ಸಮಾಧಾನ ಮಾಡಲಿಲ್ಲ, ಅಳು ನಿಲ್ಲುವವರೆಗೆ ನೀರು ನೋಡುತ್ತ ನಿಂತು, “ಆತಾ? ಈಗ ಹಿಡಿ,” ಎಂದರು. ತಾಯಿಯಂತಿದ್ದರು ಎಂದು ಗುಂಪಿನಲ್ಲಿ ಮೊದಲು ಬರೆದವಳು ಅವಳೇ.

ಕ್ಯಾಮೆರಾ ಆಗಲಿ, ಬೆಳಕಾಗಲಿ ನನಗೆ ದಕ್ಕಲಿಲ್ಲ. ನನ್ನ ಕೈಗೆ ಮೈಕ್ ಕಟ್ಟಿದ ಕೋಲು ಕೊಟ್ಟರು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರು. ಅಂದಿನಿಂದ ನನ್ನ ಕಾಲೇಜಿನ ನೆನಪುಗಳೆಲ್ಲ ಕಿವಿಯವು. ಯಾರ ಸೀರೆಯ ಬಣ್ಣ ಯಾವುದಿತ್ತು ಎಂದು ಕೇಳಿದರೆ ನಾನು ಹೇಳುವುದು ಸುಳ್ಳಿರುತ್ತದೆ.

ಅವರಿಗೆ ಒಂದು ನಿಯಮವಿತ್ತು. ನಡೆದದ್ದನ್ನು ತೆಗೆಯುವಾಗ ಇನ್ನೊಮ್ಮೆ ಮಾಡಿ ಅನ್ನಬಾರದು. ಮದುವೆಗಳಲ್ಲಿ ಅವರೇ ಎಷ್ಟೋ ಸಲ ಅಂದಿದ್ದರು. ನಮ್ಮ ಕಡೆ ಇದು ಮಾಮೂಲು: ಅಕ್ಷತೆ ಬೀಳುವಾಗ ಯಾರದೋ ತಲೆ ಅಡ್ಡ ಬರುತ್ತದೆ, ವಿಡಿಯೋದವರು ಕೈ ಎತ್ತುತ್ತಾರೆ, ಹಂದರದ ಮಂದಿಯೆಲ್ಲ ಮತ್ತೊಮ್ಮೆ ಅಕ್ಷತೆ ಎಸೆಯುತ್ತಾರೆ. ಒಂದು ಮದುವೆಯಲ್ಲಿ ಮಗಳನ್ನು ಕಳಿಸಿಕೊಡುವಾಗ ಅತ್ತ ತಂದೆಗೆ ಇವರು, ಬೆಳಕು ಸಾಲದು, ಇನ್ನೊಮ್ಮೆ ಅಳ್ರಿ ಎಂದರಂತೆ. ಆ ಮನುಷ್ಯ ಪಾಪ, ಅತ್ತರಂತೆ.

“ಮದಲನೇ ಸಲಕ್ಕಿಂತ ಚಲೋ ಅತ್ರು,” ಎಂದು ಮೇಡಂ ನಮಗೆ ಹೇಳಿದರು. “ಅವತ್ತಿಂದ ನನಗ ಅದನ್ನ ನೋಡಾಕ ಆಗವಲ್ದು.”

ಎರಡನೆಯ ವರ್ಷದ ಮೊದಲ ವಾರದಲ್ಲೇ ಅವರು ನಮ್ಮಿಂದ ಏನನ್ನೂ ಮುಚ್ಚಿಡದೆ ಹೇಳಿದರು. ವಿಷಯಕ್ಕೆ ಹುಡುಗರು ಸಾಲುತ್ತಿಲ್ಲ, ಸಂಸ್ಥೆಯವರು ಮುಚ್ಚುವ ಮಾತಾಡುತ್ತಿದ್ದಾರೆ. ವರ್ಷದ ಗ್ಯಾದರಿಂಗ್‌ನಲ್ಲಿ, ಅಂದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ನಮ್ಮ ತರಗತಿಯ ಸಣ್ಣ ಚಿತ್ರವೊಂದನ್ನು ತೋರಿಸಬೇಕು; ಅದು ಮೆಚ್ಚುಗೆಯಾದರೆ ವಿಷಯ ಉಳಿಯುತ್ತದೆ.

“ಪಿಕ್ಚರ್ ಚಲೋ ಆತಂದ್ರ ನಾ ಇಲ್ಲಿ ಇರ್ತೇನಿ. ಇಲ್ಲಂದ್ರ ಹುಕ್ಕೇರಿಗೆ ಹೋಗಿ ಮತ್ತ ಮದಿವಿ ಹೊಡೀತೇನಿ. ನನಗ ಇಲ್ಲಿ ಇರಬೇಕನ್ನಸ್ತೈತಿ. ತಿಳೀತಾ?”

ಅಷ್ಟು ಖಡಕ್ಕಾದ ಹೆಂಗಸು ತನಗೇನು ಬೇಕು ಎಂದು ಹೀಗೆ ಬಾಯಿಬಿಟ್ಟು ಹೇಳಿದ್ದು ನಮಗೆ ಭಯ ಹುಟ್ಟಿಸಿತು.

ಮಮದಾಪುರದ ಲಗಮಪ್ಪ ಕಾಕಾ ಮತ್ತು ಅವರ ಹೆಂಡತಿ ಸತ್ತೆವ್ವ ನಮ್ಮ ಚಿತ್ರದ ಜನ. ಕುರಿ ಸಾಕುವ ಮನೆ. ಅವರ ಮಗಳ ಮದುವೆಯ ವಿಡಿಯೋ ಮೇಡಂ ತೆಗೆದಿದ್ದರು. ಆ ಸಲಿಗೆಯಿಂದ ಸತ್ತೆವ್ವ ನಮ್ಮನ್ನು ಅಂಗಳಕ್ಕೆ ಬಿಟ್ಟುಕೊಂಡಿದ್ದಳು. ಉಣ್ಣೆ ಕತ್ತರಿಸುವುದು, ಮರಿಗಳನ್ನು ಬುಟ್ಟಿಯಡಿ ಮುಚ್ಚುವುದು, ಲಗಮಪ್ಪ ಕಾಕಾ ಕಂಬಳಿ ಹೊದ್ದು ಬೀಡಿ ಸೇದುವುದು ಎಲ್ಲ ತೆಗೆದೆವು. ಬಿತ್ತನೆ ಮುಗಿದು ಹೊಲ ಹಸಿರಾದ ಮೇಲೆ ಊರಿನಲ್ಲಿ ಕುರಿಗೆ ಜಾಗವಿಲ್ಲ. ಹಿಂಡು ಹೊರಡುತ್ತದೆ, ತಿಂಗಳುಗಟ್ಟಲೆ ಬರುವುದಿಲ್ಲ. ನಮಗೆ ಬೇಕಾದದ್ದು ಆ ಹೊರಡುವ ಗಳಿಗೆ. ಅದಿಲ್ಲದೆ ಉಳಿದದ್ದೆಲ್ಲ ಬಿಡಿ ಬಿಡಿ ತುಣುಕು.

ಆ ಬೆಳಿಗ್ಗೆ ಮೇಡಂ ನಮ್ಮನ್ನು ಬೇವಿನ ಗಿಡದ ಕೆಳಗೆ ಕೂಡಿಸಿ ಹೇಳಿದರು: “ಹೊಂಟ ನಿಂತ ಮನಷ್ಯಾಗ ಎಲ್ಲಿಗೆ ಅಂತ ಕೇಳಬಾರ್ದು. ಹೆಜ್ಜಿ ಎತ್ತಿದ ಮ್ಯಾಲ ಹಿಂದಿಂದ ಕರೀಬಾರ್ದು. ನಿಮ್ಮ ಮನ್ಯಾಗೂ ಹೇಳಿರ್ತಾರ, ಇಲ್ಲಿ ಅದು ಭಾಳ ಕಟ್ಟುನಿಟ್ಟು. ಏನರ ತಪ್ಪಿದ್ರ ತಪ್ಪಲಿ. ಬಾಯಿ ಬಿಡಬ್ಯಾಡ್ರಿ.”

ಬಸು ಕ್ಯಾಮೆರಾ ಹಿಡಿದು ದಾರಿಯ ಬದಿಯ ದಿನ್ನೆಯ ಮೇಲೆ ನಿಂತ. ಅವನ ಹಿಂದೆ ಮೇಡಂ. ನಾನು ಕೆಳಗೆ, ಕೋಲು ಚಾಚಿ. ಲಗಮಪ್ಪ ಕಾಕಾ ಹಿಂಡಿನ ಮೇಲೆ ಭಂಡಾರದ ಅರಿಶಿನ ಎರಚಿದರು, ಸತ್ತೆವ್ವ ಕಾಯಿ ಒಡೆದಳು. ಗಂಟೆಗಳು ಒಂದೊಂದಾಗಿ ಅಲುಗತೊಡಗಿದವು. ಲಗಮಪ್ಪ ಕಾಕಾ ಗಂಟಲಿನಿಂದ ಒಂದು ಕೂಗು ತೆಗೆದರು, ಕುರಿಗೆ ಮಾತ್ರ ತಿಳಿಯುವಂಥದ್ದು. ನೂರಾರು ಗೊರಸು ಒಮ್ಮೆಲೇ ನೆಲಕ್ಕೆ ತಾಗಿದವು. ಹೆಡ್‌ಫೋನಿನೊಳಗೆ ಅದು ಮಳೆಯ ಹಾಗೆ ಶುರುವಾಯಿತು. ಇದು ಬಹಳ ಚೆನ್ನಾಗಿ ಬರುತ್ತಿದೆ ಎಂದು ನನಗೆ ಗೊತ್ತಿತ್ತು.

ಆಗ ಕಿವಿ ಸೀಳಿದಂತೆ ಒಂದು ದನಿ.

“ಕಾಕಾ, ನಿಂದರ್ರಿ!”

ಹೆಡ್‌ಫೋನ್ ಕಿತ್ತು ನೋಡಿದರೆ, ಕೂಗಿದವರು ಮೇಡಂ.

ಏನಾಗಿತ್ತೆಂದು ಆಮೇಲೆ ತಿಳಿಯಿತು. ಆ ಕ್ಯಾಮೆರಾದಲ್ಲಿ ಶುರು ಮಾಡಲೂ ನಿಲ್ಲಿಸಲೂ ಒಂದೇ ಗುಂಡಿ. ಬಸು ಅವಸರದಲ್ಲಿ ಎರಡು ಸಲ ಒತ್ತಿದ್ದ. ಮೂಲೆಯಲ್ಲಿ ಉರಿಯಬೇಕಾದ ಕೆಂಪು ಚುಕ್ಕೆ ಉರಿಯಲಿಲ್ಲ. ಹಿಂಡು ಹೊರಟಿತ್ತು, ಕ್ಯಾಮೆರಾ ಮಲಗಿತ್ತು. ಬಸುವಿನ ಭುಜದ ಮೇಲಿಂದ ಮೇಡಂ ಅದನ್ನು ಕಂಡರು. ಆ ಕ್ಷಣದಲ್ಲಿ ಅವರಿಗೆ ಏನು ಕಂಡಿತೋ: ಮುಚ್ಚಿದ ಕೋಣೆಯೋ, ಹುಕ್ಕೇರಿಯ ಹಂದರಗಳೋ. ಇದು ನನ್ನ ಊಹೆ. ಅವರು ಎಂದೂ ಹೇಳಲಿಲ್ಲ.

ಲಗಮಪ್ಪ ಕಾಕಾ ನಿಂತರು. ಹಿಂತಿರುಗಿ ನೋಡಲಿಲ್ಲ. ಮುಂದಿನ ಕುರಿಗಳು ನಿಂತವು, ಹಿಂದಿನವು ಅವುಗಳ ಮೇಲೆ ಏರಿದವು. ಬಸು ಹೆದರಿ, ಕ್ಯಾಮೆರಾ ನಿಲ್ಲಿಸುತ್ತೇನೆ ಅಂದುಕೊಂಡು ಗುಂಡಿ ಒತ್ತಿ ಕೈ ಇಳಿಬಿಟ್ಟ. ಅಂದರೆ ಆಗ ಅದು ಶುರುವಾಯಿತು.

ಸತ್ತೆವ್ವ ಕೈಯಲ್ಲಿ ಕಾಯಿಯ ಹೋಳು ಹಿಡಿದೇ ದಿನ್ನೆ ಹತ್ತಿದಳು. “ಏ, ನಿನ್ನ ಬಾಯಾಗ ಮಣ್ಣ ಬೀಳ್ಲಿ! ಕಲತಾಕಿ, ಮನಿ ಮಗಳಂತಾಕಿ ಅಂತ ಅಂಗಳದಾಗ ಬಿಟ್ಕೊಂಡ್ರ, ಹೆಜ್ಜಿ ಎತ್ತಿದಾವನ್ನ ಹಿಂದಿಂದ ಒದರ್ತಿ? ತಿಂಗಳಾನಗಟ್ಟಲೆ ಅಡವ್ಯಾಗ ಇರಾಂವ ಅಂವ! ಏನರ ಆತಂದ್ರ ಯಾರ ಹೆಸರ ತಗೊಳ್ಲಿ? ಹೇಳು!”

“ನನ್ನ ಹೆಸರ ತಗೋರಿ,” ಎಂದರು ಮೇಡಂ. ದನಿ ಬಹಳ ಸಣ್ಣದಾಗಿತ್ತು. ನನ್ನ ಮೈಕ್ ಅದನ್ನು ಹಿಡಿದಿದೆ, ಇಲ್ಲದಿದ್ದರೆ ನಾನೇ ನಂಬುತ್ತಿರಲಿಲ್ಲ. “ತಪ್ಪಾತವ್ವಾ.”

“ತಪ್ಪಾತಂತ! ಈಗ ಅಂವ ಹೆಂಗ ಹೋಗಬೇಕು?”

ಲಗಮಪ್ಪ ಕಾಕಾ ದಾರಿಯ ಮೇಲಿಂದಲೇ ಅಂದರು, “ಏ, ಸಾಕ್ ಬಿಡ. ನೀರ್ ತಾ. ಕೂತು ಹೋಗ್ತೇನಿ.”

ಅದೇ ಪರಿಹಾರ. ಹಿಂದಿನಿಂದ ಕರೆಸಿಕೊಂಡವರು ತಿರುಗಿ ಬಂದು, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಸತ್ತೆವ್ವ ತಂಬಿಗೆ ತುಂಬಿ ತಂದಳು. ಗಂಡನಿಗೆ ಕೊಡದೆ ಮೇಡಂ ಕೈಗೆ ಚಾಚಿದಳು. “ಕರದಾಕಿ ನೀ. ನೀನ ಕೊಡು.”

ಮೇಡಂ ಕೊಟ್ಟರು. ತಂಬಿಗೆಯೊಳಗೆ ನೀರು ತುಳುಕಿದ್ದು ಕೇಳಿಸುತ್ತದೆ. ಲಗಮಪ್ಪ ಕಾಕಾ ಕುಡಿದು, ಮೀಸೆ ಒರೆಸಿಕೊಂಡು ಎದ್ದರು. ಅವರಿಗೆ ಸಿಟ್ಟಿರಲಿಲ್ಲ, ಅದೇ ನಮಗೆ ಇನ್ನೂ ಕಷ್ಟವಾಯಿತು. “ಈಗ ಹೊಂಟೇನ್ರಿ ಅಕ್ಕಾರ. ಈಗರ ತಗೋರಿ ನಿಮ್ಮ ಪೋಟೋ.”

ಬಸು ಕ್ಯಾಮೆರಾ ಎತ್ತಿದ. ಈ ಸಲ ಎಲ್ಲ ಸರಿಯಾಗಿತ್ತು. ಬೆಳಕು ಮೊದಲಿಗಿಂತ ಚೆನ್ನಾಗಿತ್ತು, ಹಿಂಡು ದಾರಿಯ ಮೇಲೆ ಒತ್ತಾಗಿ ನಿಂತಿತ್ತು, ಹೋಗುವವರೇ ಒಪ್ಪಿಗೆ ಕೊಟ್ಟಿದ್ದರು.

“ಬ್ಯಾಡ,” ಎಂದರು ಮೇಡಂ.

“ಮೇಡಂ, ಇದ ನಮ್ಮ ಶಾಟ್ ರಿ,” ಬಸು ಬಹುತೇಕ ಅಳುತ್ತಿದ್ದ. “ಇದು ಇಲ್ಲಂದ್ರ ನಿಮ್ಮ ಕೆಲಸಾ...”

“ಇಳಸು, ಅಂಕಲಗಿ.”

ನನ್ನ ನೆನಪಿನಲ್ಲಿ ಅವರು ಅಂಗೈಯಿಂದ ಲೆನ್ಸ್ ಮುಚ್ಚಿದರು. ಬಸು ಇಲ್ಲ ಅನ್ನುತ್ತಾನೆ: ಮುಟ್ಟಲೇ ಇಲ್ಲ, ಬರೇ ಹೇಳಿದರು, ನಾನೇ ಇಳಿಸಿದೆ. ಅಂಗೈ ನಾನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಹಿಂಡು ಹೋಯಿತು. ನಾನೂ ಮೈಕ್ ಆರಿಸಿ ಕೋಲು ಇಳಿಸಿದೆ.

ಕಾಲೇಜಿನ ಕಂಪ್ಯೂಟರ್ ಮುಂದೆ ಕೂತಾಗ ನಮ್ಮ ಬಳಿ ಇದ್ದದ್ದು ಇಷ್ಟು: ಮೊದಲ ಸಲ ಹೊರಟ ಗಳಿಗೆಯ ಪೂರ್ತಿ ಸದ್ದು, ಯಾಕೆಂದರೆ ನನ್ನ ಮೈಕಿಗೆ ಬೇರೆ ರೆಕಾರ್ಡರ್ ಇತ್ತು. ಚಿತ್ರ ಮಾತ್ರ ಕೂಗಿನ ನಂತರದ್ದು: ಇಳಿಬಿಟ್ಟ ಕ್ಯಾಮೆರಾ ಕಂಡ ನೆಲ, ಬಸುವಿನ ಚಪ್ಪಲಿ, ದಿಕ್ಕು ತಿಳಿಯದೆ ನಿಂತ ಕುರಿಗಳ ಕಾಲು, ಸತ್ತೆವ್ವನ ಸೀರೆಯ ಅಂಚು. ಮೇಡಂ ಅದನ್ನು ಹಾಗೆಯೇ ಜೋಡಿಸಲು ಹೇಳಿದರು. ಮೊದಲು ಕಪ್ಪು ಪರದೆ, ಗಂಟೆ, ಗೊರಸು. ಕೂಗು. ಆಮೇಲೆ ನೆಲ, ಬೈಗುಳ, ನೀರು.

“ನಿಮ್ಮ ದನಿ ತಗದ ಬಿಡೂಣ್ರಿ ಮೇಡಂ,” ಎಂದೆ ನಾನು. “ಗಂಟಿ ಸಪ್ಪಳದ ಮ್ಯಾಲ ಹಳೇ ಕುರಿ ಶಾಟ್ ಹಾಕಿದ್ರ ಯಾರಿಗೂ ಗೊತ್ತಾಗಂಗಿಲ್ಲ.”

“ನನ್ನ ದನಿ ತಗದ್ರ ಸತ್ತೆವ್ವ ಬೈದದ್ದು ಯಾರಿಗೆ? ಗಾಳಿಗೇನು?”

ಗ್ಯಾದರಿಂಗ್‌ಗೆ ಮೊದಲು ಪ್ರಾಚಾರ್ಯರು ತಮ್ಮ ಕೋಣೆಯಲ್ಲಿ ಅದನ್ನು ನೋಡಿದರು. ಲ್ಯಾಪ್‌ಟಾಪ್ ಹೊತ್ತು ತಂದ ನಾವು ಬಾಗಿಲಲ್ಲಿ ನಿಂತಿದ್ದೆವು. ಅವರು ಕೆಟ್ಟವರಲ್ಲ, ಮೇಡಂ ಉಳಿಯಲಿ ಎಂದು ಅವರಿಗೂ ಇತ್ತು.

“ಮೇಡಮ್ಮಾರ, ಸಂಸ್ಥೆಯವರು ಮುಂದಿನ ಸಾಲಿನ್ಯಾಗ ಕೂತಿರ್ತಾರ. ನಮ್ಮ ಕಾಲೇಜಿನ ಮೇಡಂ ಬಾಯಾಗ ಮಣ್ಣ ಬೀಳ್ಲಿ ಅನ್ನೂದನ್ನ ಅವರಿಗೆ ಕೇಳಸ್ಲ್ಯಾ? ಆ ಒದರೂದು, ಬೈಯೂದು, ಅಷ್ಟು ಕತ್ತರಿಸ್ರಿ. ಗಂಟಿ ಸಪ್ಪಳ ಭಾಳ ಚಂದ ಐತಿ, ಅದು ಇರ್ಲಿ. ಮುಂದಿನ ವರ್ಷ ನಿಮ್ಮ ವಿಷಯಾನೂ ಇರ್ತೈತಿ, ನೀವೂ ಇರ್ತೀರಿ. ನಾ ಮಾತ ಕೊಡ್ತೇನಿ.”

“ಕತ್ತರಿಸಿದ್ರ ಅದು ನಮ್ಮ ಪಿಕ್ಚರ್ ಅಲ್ಲರಿ ಸರ.”

“ಮತ್ತೇನಂತೀರಿ ಅದಕ್ಕ?”

“ಮದಿವಿ ವಿಡಿಯೋ.”

ಇಷ್ಟು ಹೇಳಿ ಅವರು ಎದ್ದು ಬಂದರು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಮೊನ್ನೆ ಬಸುವಿಗೆ ಫೋನ್ ಮಾಡಿದಾಗ ಅವನು ಬೇರೆಯೇ ಹೇಳಿದ. ಕೋಣೆಯಲ್ಲಿ ಮೇಡಂ ಏನೂ ಅನ್ನಲಿಲ್ಲವಂತೆ, ನೋಡ್ತೇನಿ ಸರ ಅಂದರಂತೆ. ಎರಡು ದಿನ ಕಾಲೇಜಿಗೆ ಬರಲಿಲ್ಲ. ಮೂರನೆಯ ದಿನ ಬಂದು ಬಸುವಿಗೆ ತಮ್ಮ ದನಿಯನ್ನೂ ಬೈಗುಳವನ್ನೂ ಕತ್ತರಿಸಲು ಹೇಳಿದರಂತೆ. ಅವನು ಕತ್ತರಿಸಿದ. ಇಬ್ಬರೂ ಕೂತು ನೋಡಿದರು. ಬಹಳ ಚಂದ ಇತ್ತಂತೆ. ಅವರು ಎಡಗಣ್ಣು ಮುಚ್ಚಿ ಕೊನೆಯವರೆಗೂ ನೋಡಿ, “ಮದಿವಿ ವಿಡಿಯೋ,” ಅಂದರಂತೆ. ಆಮೇಲೆ, ಕತ್ತರಿಸಿದ್ದನ್ನು ತೋರಿಸಿ, “ಹೊಳ್ಳಿ ಹಾಕು.”

ಬಸು ಹೇಳುವುದೇ ನಿಜವಿರಬೇಕು. ನನ್ನದು ತೀರ ಚೆನ್ನಾಗಿದೆ.

ಗ್ಯಾದರಿಂಗ್‌ನಲ್ಲಿ ನಮ್ಮ ಚಿತ್ರ ತೋರಿಸಲಿಲ್ಲ; ಆ ಹೊತ್ತಿಗೆ ಒಂದು ಕುಣಿತ ಹಾಕಿದರು. ವಿಷಯ ಮುಂದಿನ ವರ್ಷ ಇರುವುದಿಲ್ಲ ಎಂದು ಪರೀಕ್ಷೆಗೆ ಮೊದಲೇ ಗೊತ್ತಾಯಿತು. ಮೇಡಂ ಕೊನೆಯ ತರಗತಿಯನ್ನೂ ಎಂದಿನಂತೆ ಬೈದೇ ಮುಗಿಸಿದರು. ಆಮೇಲೆ ನನಗೆ, “ಮೂಡಲಗಿ, ನಾಳೆ ಮಮದಾಪುರಕ್ಕ ಬಾ. ಅವರಿಗೆ ತೋರಸಬೇಕಲ್ಲ,” ಎಂದರು.

ಸತ್ತೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನಲಿಲ್ಲ. ಲಗಮಪ್ಪ ಕಾಕಾ ಇನ್ನೂ ಹಿಂಡಿನ ಜೊತೆಗೇ ಇದ್ದರು. ಮೇಡಂ ನಿಂತೇ ಕೇಳಿದರು:

“ಕಾಕಾ ಆರಾಮ ಅದಾರ?”

“ಅದಾನ. ಫೋನ್ ಬಂದಿತ್ತು. ಎರಡು ಮರಿ ಸತ್ತುವಂತ.” ಮೊರ ನಿಂತಿತು. “ಸಾಯ್ತಾವ. ಪ್ರತಿ ವರ್ಷ ಸಾಯ್ತಾವ. ಖರೆ ಈ ಸಲ ನಿನ್ನ ನೆನಪಾತು.”

ಮೇಡಂ ತಲೆ ತಗ್ಗಿಸಿದರು. ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಸತ್ತೆವ್ವನ ಕಡೆ ತಿರುಗಿಸಿದರು.

“ಕರ್ರಗ ಐತಲ್ಲ. ಕೆಟ್ಟೈತೇನು?”

“ಇಲ್ಲವ್ವಾ. ಕೇಳ್ರಿ.”

ಗಂಟೆಗಳು ಶುರುವಾದವು. ಲಗಮಪ್ಪ ಕಾಕಾನ ಕೂಗು ಬಂತು. ಸತ್ತೆವ್ವ ಮೊರ ಕೆಳಗಿಟ್ಟಳು. ಮನೆಯ ಹಿಂದೆ ಕಟ್ಟಿದ್ದ ಕುಂಟ ಟಗರೊಂದು ಎದ್ದು ನಿಂತು ಒದರಿತು. ಗೊರಸಿನ ಸದ್ದು ಏರಿತು, ಮೇಡಂ ದನಿ ಸೀಳಿತು, ನೆಲ ಕಂಡಿತು, ತನ್ನದೇ ಬೈಗುಳವನ್ನು ಸತ್ತೆವ್ವ ಪೂರ್ತಿ ಕೇಳಿದಳು. ನೀರು ತುಳುಕಿತು. ಮುಗಿಯಿತು. ಮತ್ತೆ ಬೈಯುತ್ತಾಳೆ ಅಂದುಕೊಂಡಿದ್ದೆ.

“ನನ್ನ ಬೈಗಳ ಇರ್ಲಿ,” ಎಂದಳು ಸತ್ತೆವ್ವ. “ಅಂವ ಕುರಿ ಕರಿಯೂದು, ಅದನ್ನ ಇನ್ನೊಮ್ಮೆ ಹಚ್ಚು. ನಿನ್ನ ದನಿ ಬರೂಕಿಂತ ಮದಲ ನಿಂದರಸು. ಅದನ್ನ ನನಗ ಕೇಳಾಕ ಆಗಂಗಿಲ್ಲ.”

ಮೇಡಂ ನನ್ನ ಕಡೆ ನೋಡಲಿಲ್ಲ. ಮೊದಲಿಗೆ ತಂದು, ಕೀಲಿಯ ಮೇಲೆ ಬೆರಳಿಟ್ಟು ಹಚ್ಚಿದರು. ಗಂಟೆ, ಕೂಗು, ಗೊರಸು. ಒಂದು ಗಳಿಗೆ ತಡವಾಯಿತು: “ಕಾ...” ಎಂದು ಬಂದು ಕಡಿಯಿತು. ಸತ್ತೆವ್ವ ಮುಖ ಕಿವುಚಿದಳು. ಮೇಡಂ, ತಪ್ಪಾತು ಅನ್ನುವಂತೆ ಕೈ ಎತ್ತಿ ಮತ್ತೆ ಹಚ್ಚಿದರು. ಈ ಸಲ ಬೇಗ ನಿಲ್ಲಿಸಿದರು, ಅದೂ ಆಗಲಿಲ್ಲ. “ಇನ್ನೂ ಐತಿ, ಅಂವಂದು ಇನ್ನೂ ಸ್ವಲ್ಪ ಐತಿ,” ಎಂದಳು ಸತ್ತೆವ್ವ.

ಎಷ್ಟು ಸಲ ಹಚ್ಚಿದರೋ ನಾನು ಎಣಿಸಲಿಲ್ಲ. ಬಿಸಿಲು ಅಂಗಳ ದಾಟಿ ಗೋಡೆಗೆ ಹೋಯಿತು. ಆ ಸದ್ದನ್ನು ಹಿಡಿದದ್ದು ನಾನು, ಅದರ ಒಂದೊಂದು ಎಳೆಯೂ ನನಗೆ ಗೊತ್ತು: ಲಗಮಪ್ಪ ಕಾಕಾನ ಕೊನೆಯ ಕೂಗು ಮುಗಿದು, ಮೇಡಂ ದನಿ ಬರುವುದಕ್ಕೆ ಮೊದಲು, ಅವರು ಕೂಗಲು ಎಳೆದುಕೊಂಡ ಉಸಿರು ಸಣ್ಣಗೆ ಕೇಳುತ್ತದೆ. ಮುಂದಕ್ಕೆ ಬಾಗಿ, ಎರಡೂ ಕಣ್ಣು ತೆರೆದು, ಮೊದಲಿನ ಆ ಎರಡು ಸಲ ಬಿಟ್ಟರೆ, ಅವರು ಪ್ರತಿ ಸಲವೂ ಸರಿಯಾಗಿ ಆ ಉಸಿರಿನ ಮೇಲೆ ಬೆರಳು ಒತ್ತಿ ನಿಲ್ಲಿಸುತ್ತಿದ್ದರು.